ಇಂಗ್ಲೆಂಡಿನ ಡಿಸ್ಟ್ರಿಕ್ಟಿಗೆ ಜಿಲ್ಲೆ ಅನ್ಬಹುದಾ?

ಎಲ್ರಿಗೂ ನಮಸ್ಕಾರ. ಒಂದು ಪದದ ಹತ್ರ ಹದಿನೈದು ದಿನದಿಂದ ಗಾಡಿ ನಿಂತ್ಬಿಟ್ಟಿದೆ, ಬಲ್ಲವರು ಸ್ವಲ್ಪ ತಳ್ಳಿ. ನಾನು ತಾಲ್ಲೂಕು ಪಂಚಾಯ್ತಿ ಆಫೀಸಲ್ಲಿ ಮೂವತ್ತೊಂದು ವರ್ಷ ಕೂತೆದ್ದು ರಿಟೈರ್ ಆದೋನು. ಮಗಳು ಅಳಿಯ ಇರೋದು ಇಂಗ್ಲೆಂಡಿನ ಡರ್ಬಿಶೈರ್ ಕಡೆ ಒಂದು ಹಳ್ಳಿಯಲ್ಲಿ, ಹೋದ ವರ್ಷ ಅಲ್ಲಿ ಐದು ತಿಂಗಳು ಇದ್ದು ಬಂದೆ. ಬೇರೆಯವರು ಕೋಟೆ ಅರಮನೆ ನೋಡ್ತಾರೆ, ನಾನು ನೋಟಿಸ್ ಬೋರ್ಡ್ ಓದ್ಕೊಂಡು ತಿರುಗ್ತಿದ್ದೆ, ಅಭ್ಯಾಸ ಎಲ್ಲಿ ಹೋಗುತ್ತೆ. ಆ ಊರಾಡಳಿತದ ಬಗ್ಗೆ ಒಂದು ಲೇಖನ ಬರೀತಿದೀನಿ, ಸಂಪಾದಕರು "ಡಿಸ್ಟ್ರಿಕ್ಟ್ ಕೌನ್ಸಿಲ್ ಅಂದ್ರೆ ಜಿಲ್ಲಾ ಪರಿಷತ್ತು ಅಂತ ಹಾಕಿ ಸಾರ್, ಮುಗೀತು" ಅಂದ್ರು. ಮುಗಿಯಲ್ಲ ಅನ್ನೋದೇ ನನ್ನ ತಕರಾರು.

ಯಾಕೆ ಅಂದ್ರೆ ಅಲ್ಲಿ ಡಿಸ್ಟ್ರಿಕ್ಟ್ ಅನ್ನೋದು ನಡುವಿನ ಮೆಟ್ಟಿಲು. ಮೇಲೆ ಕೌಂಟಿ, ಅದರ ಕೆಳಗೆ ಡಿಸ್ಟ್ರಿಕ್ಟ್, ಅದರ ಕೆಳಗೆ ಪ್ಯಾರಿಷ್. ಡರ್ಬಿಶೈರ್ ಕೌಂಟಿ ಕೌನ್ಸಿಲ್ ಕೆಳಗೆ ಎಂಟು ಡಿಸ್ಟ್ರಿಕ್ಟ್‌ಗಳಿವೆ, ನಾನಿದ್ದದ್ದು ಅದರಲ್ಲಿ ಡರ್ಬಿಶೈರ್ ಡೇಲ್ಸ್ ಅನ್ನೋದ್ರಲ್ಲಿ, 2021ರ ಜನಗಣತಿ ಪ್ರಕಾರ ಇಡೀ ಡಿಸ್ಟ್ರಿಕ್ಟಿಗೆ ಸುಮಾರು 71 ಸಾವಿರ ಜನ. 71 ಸಾವಿರ ಜನಕ್ಕೆ ಜಿಲ್ಲೆ ಅಂದ್ರೆ ನಮ್ಮ ಓದುಗನ ತಲೆಯಲ್ಲಿ ಏನು ಚಿತ್ರ ಬರುತ್ತೆ ಹೇಳಿ! ಡೀಸಿ ಆಫೀಸು, ಎಸ್ಪಿ, ಜಿಲ್ಲಾಸ್ಪತ್ರೆ, ಉಸ್ತುವಾರಿ ಸಚಿವರು, ಎಲ್ಲಾ ಬಂದ್ಬಿಡುತ್ತೆ. ಅಲ್ಲಿ ಇದ್ಯಾವುದೂ ಡಿಸ್ಟ್ರಿಕ್ಟಿಗೆ ಸೇರಿದ್ದಲ್ಲ. ನಮ್ಮಲ್ಲಿ ಸಣ್ಣ ತಾಲ್ಲೂಕುಗಳೇ ಅದಕ್ಕಿಂತ ದೊಡ್ಡವಿವೆ.

ಇನ್ನೊಂದು ಮಜಾ ಅಂದ್ರೆ ಡೀಸಿ ಅನ್ನೋ ಹುದ್ದೇನೇ ಅಲ್ಲಿಲ್ಲ. ನಮಗೆ ಕಲೆಕ್ಟರ್ ಅನ್ನೋರನ್ನ ಕೊಟ್ಟೋರು ತಮ್ಮೂರಲ್ಲಿ ಒಬ್ಬರನ್ನೂ ಇಟ್ಕೊಳ್ಳಲಿಲ್ಲ. ಕೌಂಟಿಗೊಬ್ಬ ಲಾರ್ಡ್ ಲೆಫ್ಟಿನೆಂಟ್ ಅಂತ ರಾಜನ ಪ್ರತಿನಿಧಿ ಇರ್ತಾರೆ, ಆದ್ರೆ ಅದು ಸಮಾರಂಭದ ಹುದ್ದೆ, ಫೈಲಿಗೂ ಅವರಿಗೂ ಸಂಬಂಧ ಇಲ್ಲ. ಕೌನ್ಸಿಲ್ಲಿನ ಅಧಿಕಾರಿಗಳ ಮೇಲೆ ಒಬ್ರು ಚೀಫ್ ಎಕ್ಸಿಕ್ಯುಟಿವ್, ಅಂದ್ರೆ ನಮ್ಮ ಜಿಲ್ಲಾ ಪಂಚಾಯ್ತಿ ಸಿಇಒ ಇದ್ದಂಗೆ. ಇದೊಂದು ಪದ ಮಾತ್ರ ಕಷ್ಟ ಇಲ್ದೆ ಕೂತ್ಕೊಳ್ತು.

ಕೆಲಸದ ಹಂಚಿಕೆ ನೋಡಿದ್ರೆ ಇನ್ನೂ ಸ್ಪಷ್ಟ ಆಗುತ್ತೆ. ಶಾಲೆ, ರಸ್ತೆ, ಲೈಬ್ರರಿ, ವಯಸ್ಸಾದವರ ಆರೈಕೆ ಇವೆಲ್ಲ ಕೌಂಟಿದು. ಮನೆ ಕಟ್ಟೋಕೆ ಪರ್ಮಿಷನ್, ವಸತಿ, ಹೋಟೆಲ್ ಅಡುಗೆಮನೆ ತಪಾಸಣೆ, ವೋಟರ್ ಲಿಸ್ಟ್ ಡಿಸ್ಟ್ರಿಕ್ಟಿದು. ಕಸದ ಕಥೆ ಕೇಳಿ, ಮನೆ ಮುಂದಿಂದ ಕಸ ಎತ್ತೋದು ಡಿಸ್ಟ್ರಿಕ್ಟ್, ಎತ್ತಿದ ಕಸಕ್ಕೆ ಗತಿ ಕಾಣಿಸೋದು ಕೌಂಟಿ. ನಾನು ಒಂದು ದಿನ ಮನೆ ಎದುರಿನ ರಸ್ತೆ ಗುಂಡಿ ಬಗ್ಗೆ ಫೋನ್ ಮಾಡೋಣ ಅಂತ ಕಸದ ಬಿನ್ ಮೇಲಿದ್ದ ನಂಬರಿಗೇ ಮಾಡಿದೆ, ಆ ಕಡೆಯ ಹೆಂಗಸು ಬಹಳ ವಿನಯವಾಗಿ "ಅದು ನಮ್ದಲ್ಲ, ಕೌಂಟಿದು" ಅಂದ್ರು. ಮೂವತ್ತೊಂದು ವರ್ಷ ನಾನು ಜನಕ್ಕೆ "ಅದು ನಮ್ಮ ಆಫೀಸಿಗೆ ಬರಲ್ಲ, ಪಿಡಬ್ಲ್ಯುಡಿಗೆ ಹೋಗಿ" ಅಂತ ಹೇಳಿದ್ದು ಪೂರ್ತಿ ಬಡ್ಡಿ ಸಮೇತ ವಾಪಸ್ ಬಂತು, ಅಳಿಯ ಪಕ್ಕದಲ್ಲೇ ಕೂತು ನಗ್ತಿದ್ರು. ಕೌಂಟಿ ಕೌನ್ಸಿಲ್ ಆಫೀಸು, ಡಿಸ್ಟ್ರಿಕ್ಟ್ ಕೌನ್ಸಿಲ್ ಆಫೀಸು ಎರಡೂ ಇರೋದು ಮಾಟ್ಲಾಕ್ ಅನ್ನೋ ಒಂದೇ ಪುಟ್ಟ ಊರಲ್ಲಿ. ಕೌಂಟಿಯದ್ದಂತೂ ಒಂದು ಕಾಲದಲ್ಲಿ ಸ್ಮೆಡ್ಲೀಸ್ ಹೈಡ್ರೋ ಅಂತ ನೀರಿನ ಚಿಕಿತ್ಸೆ ಕೊಡ್ತಿದ್ದ ಭಾರಿ ಆಸ್ಪತ್ರೆ ಥರದ ಕಟ್ಟಡ, ಗುಡ್ಡದ ಮೇಲೆ ಕೋಟೆ ಹಂಗೆ ನಿಂತಿದೆ.

ಹಾಗಾಗಿ ನನ್ನ ಮೊದಲ ಯೋಚನೆ: ಕೌಂಟಿಗೆ ಜಿಲ್ಲೆ, ಡಿಸ್ಟ್ರಿಕ್ಟಿಗೆ ತಾಲ್ಲೂಕು, ಪ್ಯಾರಿಷ್‌ಗೆ ಗ್ರಾಮ. ಅಧಿಕಾರದ ಅಳತೆಗೆ ಇದು ಸರಿಹೋಗುತ್ತೆ. ಆದ್ರೆ ಕೌಂಟಿಯನ್ನ ಜಿಲ್ಲೆ ಅಂದ್ರೆ ಕ್ರಿಕೆಟ್ ನೋಡೋರು ಸುಮ್ನಿರಲ್ಲ. ಕೌಂಟಿ ಕ್ರಿಕೆಟ್ ಅನ್ನೋದು ನಮ್ಮ ಪೇಪರಿನಲ್ಲಿ ಎಷ್ಟೋ ವರ್ಷದಿಂದ ಕೂತಿರೋ ಪದ, ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಶೈರ್‌ಗೆ ಆಡಿ 105 ವಿಕೆಟ್ ತೆಗೆದದ್ದು, ದ್ರಾವಿಡ್ 2000ದಲ್ಲಿ ಕೆಂಟಿಗೆ ಆಡಿದ್ದು, ಇದೆಲ್ಲ "ಜಿಲ್ಲಾ ಕ್ರಿಕೆಟ್" ಆಗಿಬಿಟ್ರೆ ಅನ್ಯಾಯ. ಅದೂ ಅಲ್ದೆ ಕ್ರಿಕೆಟ್ಟಿನ ಕೌಂಟಿ ಬೇರೆ, ಆಡಳಿತದ ಕೌಂಟಿ ಬೇರೆ. ಕುಂಬ್ಳೆ ಆಡಿದ ಅದೇ ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ 2018ರಲ್ಲಿ ದುಡ್ಡಿಲ್ಲ ಅಂತ ಕೈ ಎತ್ತಿತು, 2021ರ ಏಪ್ರಿಲ್ 1ರಿಂದ ಅದನ್ನೂ ಅದರ ಡಿಸ್ಟ್ರಿಕ್ಟ್‌ಗಳನ್ನೂ ತೆಗೆದು ಹಾಕಿ ಉತ್ತರ, ಪಶ್ಚಿಮ ಅಂತ ಎರಡೇ ಕೌನ್ಸಿಲ್ ಮಾಡಿದ್ರು. ಕೌನ್ಸಿಲ್ ಹೋಯ್ತು, ಕ್ರಿಕೆಟ್ ಟೀಮ್ ಇದೆ. ಕೌಂಟಿ ಅಂದ್ರೆ ಅವರ ಮನಸ್ಸಲ್ಲಿ ನಮ್ಮ "ಸೀಮೆ" ಥರ, ಗಡಿ ರದ್ದಾದ್ರೂ ಹೆಸರು ಸಾಯಲ್ಲ. ಸೀಮೆ ಅಂತ ಹಾಕೋಣ ಅಂದ್ರೆ ಸೀಮೆಎಣ್ಣೆ ಸೀಮೆಸುಣ್ಣದ ಸೀಮೆ, ಅಂದ್ರೆ ಪರದೇಶ, ನೆನಪಾಗಿ ನನಗೇ ನಗು ಬರುತ್ತೆ, ಇಂಗ್ಲೆಂಡಿನ ಮಟ್ಟಿಗೆ ಆ ಅರ್ಥ ಸುಳ್ಳೂ ಅಲ್ಲ. ಸದ್ಯಕ್ಕೆ ಕೌಂಟಿಯನ್ನ ಕೌಂಟಿ ಅಂತಲೇ ಬಿಟ್ಟಿದೀನಿ.

ಹಾಗೇ ಡಿಸ್ಟ್ರಿಕ್ಟನ್ನೂ ಡಿಸ್ಟ್ರಿಕ್ಟ್ ಅಂತ ಬಿಡಿ ಅಂತೀರೇನೋ. ಅಲ್ಲೇ ಇರೋದು ಸಿಕ್ಕು. ಕೌಂಟಿ ಅನ್ನೋ ಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥ ಅಂಟಿಲ್ಲ, ಡಿಸ್ಟ್ರಿಕ್ಟ್ ಅನ್ನೋದು ನಮ್ಮೂರ ಬಸ್ಟ್ಯಾಂಡಲ್ಲಿ ಕೂತ ಅಜ್ಜಿಗೂ ಜಿಲ್ಲೆ ಅಂತಲೇ ಗೊತ್ತು. ಡಿಸ್ಟ್ರಿಕ್ಟ್ ಬೋರ್ಡು, ಡಿಸ್ಟ್ರಿಕ್ಟ್ ಕೋರ್ಟು ಅಂತ ನೂರು ವರ್ಷದಿಂದ ಬಳಸಿ ಅದನ್ನ ನಮ್ಮ ಪದಾನೇ ಮಾಡ್ಕೊಂಡಿದೀವಿ. ಎರವಲು ಪದ ತಂದ್ರೆ ತೊಂದರೆ ತಪ್ಪುತ್ತೆ ಅನ್ನೋದು ಇಲ್ಲಿ ನಡೆಯಲ್ಲ, ಎರವಲು ತಂದ ಪದ ಮೊದಲೇ ಇನ್ನೊಂದು ಮನೆ ಮಾಡ್ಕೊಂಡು ಕೂತಿದೆ. ಹಾಗಂತ ಜಿಲ್ಲೆ ತಾಲ್ಲೂಕು ಏನು ಅಚ್ಚಗನ್ನಡವಾ ಅಂದ್ರೆ ಅವೂ ಅರಬ್ಬಿ ಮೂಲದವೇ, ಜಿಲ್ಲೆ ಅಂದ್ರೆ ಮೂಲದಲ್ಲಿ ಪಕ್ಕೆಲುಬು, ತಾಲ್ಲೂಕು ಅಂದ್ರೆ ಸಂಬಂಧ, ಅಂಟಿಕೊಂಡಿರೋದು. ಆ ಲೆಕ್ಕದಲ್ಲಿ ಡಿಸ್ಟ್ರಿಕ್ಟಿಗೆ ತಾಲ್ಲೂಕೇ ವಾಸಿ, ಕೌಂಟಿಗೆ ಅಂಟಿಕೊಂಡಿದೆ ತಾನೇ.

ಒಂದು ಆಕ್ಷೇಪ ನಾನೇ ಹೇಳಿಬಿಡ್ತೀನಿ, ನಮ್ಮ ತಾಲ್ಲೂಕು ಪಂಚಾಯ್ತಿಗೆ ಕಂದಾಯ ವಸೂಲಿ ಇಲ್ಲ, ಅಲ್ಲಿ ವಸೂಲಿ ಮಾಡೋದೇ ಡಿಸ್ಟ್ರಿಕ್ಟ್. ಕೌನ್ಸಿಲ್ ಟ್ಯಾಕ್ಸ್ ಅಂತ, ನಮ್ಮ ಮನೆಗಂದಾಯ ಅಂದ್ಕೊಳ್ಳಿ. ಮಗಳ ಮನೆಗೆ ಬಂದ ಬಿಲ್ ತಗೊಂಡು ಸಂತೋಷವಾಗಿ ಕೂತು ಓದಿದೆ. ಕಳಿಸೋದು ಡಿಸ್ಟ್ರಿಕ್ಟ್, ಆದ್ರೆ ಒಳಗೆ ಸಾಲಾಗಿ ಕೌಂಟಿಗೆ ಇಷ್ಟು, ಪೊಲೀಸಿಗೆ ಇಷ್ಟು, ಫೈರ್ ಸರ್ವಿಸಿಗೆ ಇಷ್ಟು, ಪ್ಯಾರಿಷ್‌ಗೆ ಇಷ್ಟು ಅಂತ ಇರುತ್ತೆ, ದೊಡ್ಡ ಪಾಲು ಕೌಂಟಿಗೆ ಹೋಗುತ್ತೆ, ಬಿಲ್ ಕಳಿಸಿದೋರಿಗೆ ಉಳಿಯೋದು ಸ್ವಲ್ಪ. ಮನೆಗಳನ್ನ ಎ ಇಂದ ಎಚ್ ತನಕ ಬ್ಯಾಂಡ್ ಮಾಡಿದಾರೆ, ಅದೂ 1991ರ ಬೆಲೆ ಮೇಲೆ, ನಿನ್ನೆ ಕಟ್ಟಿದ ಮನೆಗೂ 1991ರಲ್ಲಿ ಇದ್ದಿದ್ರೆ ಎಷ್ಟಾಗ್ತಿತ್ತು ಅಂತ ಲೆಕ್ಕ. ನಮ್ಮ ಗೈಡೆನ್ಸ್ ವ್ಯಾಲ್ಯೂ ಬಗ್ಗೆ ಗೊಣಗೋರು ಇದನ್ನ ಕೇಳ್ಬೇಕು. ಈ ಪ್ಯಾರಿಷ್‌ನವರು "ನಮಗೆ ಈ ವರ್ಷ ಇಷ್ಟು ಬೇಕು, ವಸೂಲಿ ಮಾಡಿ ಕೊಡಿ" ಅಂತ ಡಿಸ್ಟ್ರಿಕ್ಟಿಗೆ ಹೇಳೋದಕ್ಕೆ ಪ್ರಿಸೆಪ್ಟ್ ಅಂತ ಹೆಸರು. ನಿಘಂಟು ನೋಡಿದ್ರೆ ಪ್ರಿಸೆಪ್ಟ್ ಅಂದ್ರೆ ನೀತಿಬೋಧೆ, ವಿಧಿ, ಆಜ್ಞೆ ಅಂತಿದೆ! ಊರಿನ ನೀತಿಬೋಧೆ ಈ ವರ್ಷ ಶೇಕಡಾ ಇಷ್ಟು ಹೆಚ್ಚಾಯ್ತು ಅಂತ ಬರೆದ್ರೆ ಹೆಂಗಿರುತ್ತೆ. ನಮ್ಮಲ್ಲಿ ಹತ್ತಿರ ಬರೋದು ಗ್ರಂಥಾಲಯ ಕರ, ಮನೆಗಂದಾಯದ ಜೊತೆ ಶೇಕಡಾ 6 ವಸೂಲಿ ಮಾಡಿ ಲೈಬ್ರರಿಯವರಿಗೆ ದಾಟಿಸ್ಬೇಕಲ್ಲ (ದಾಟಿಸ್ತಾರೋ ಇಲ್ವೋ ಅದು ಬೇರೆ ಮಾತು), ಆದ್ರೆ ಅಲ್ಲಿ ಮೊತ್ತ ಹೇಳೋದು ತಗೊಳ್ಳೋರೇ. "ಊರ ಸೆಸ್" ಅಂತ ಹಾಕಿದೀನಿ, ಇಷ್ಟ ಆಗ್ತಿಲ್ಲ.

ಈಗ ಪ್ಯಾರಿಷ್. ಇದು ಚರ್ಚಿನ ಪದ. ಗ್ರೀಕ್ ಮೂಲದಲ್ಲಿ ಅಕ್ಕಪಕ್ಕ ವಾಸ ಮಾಡೋರು ಅನ್ನೋ ಅರ್ಥ ಇತ್ತಂತೆ. ನಮ್ಮ ಕಥೋಲಿಕರು ಕನ್ನಡದಲ್ಲಿ ಧರ್ಮಕೇಂದ್ರ ಅಂತಾರೆ, ಮಂಗಳೂರು ಕೊಂಕಣಿಯಲ್ಲಿ ಫಿರ್ಗಜ್. ಈ ಫಿರ್ಗಜ್ ಬಂದಿದ್ದು ಪೋರ್ಚುಗೀಸರ ಫ್ರೆಗೆಸಿಯಾದಿಂದ, ಪೋರ್ಚುಗಲ್‌ನಲ್ಲಿ ಇವತ್ತಿಗೂ ಆಡಳಿತದ ಅತಿ ಸಣ್ಣ ಘಟಕಕ್ಕೆ ಅದೇ ಹೆಸರು. ಅಂದ್ರೆ ಚರ್ಚಿನ ಪದವನ್ನ ಸರ್ಕಾರ ಎತ್ಕೊಂಡಿದ್ದು ಇಂಗ್ಲೆಂಡಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಲ್ಲಿ 1894ರ ಕಾನೂನು ಬರೋ ತನಕ ಊರಿನ ಕೆಲಸ ನಡೀತಿದ್ದದ್ದು ವೆಸ್ಟ್ರಿ ಅನ್ನೋ ಸಭೆಯಲ್ಲಿ, ವೆಸ್ಟ್ರಿ ಅಂದ್ರೆ ಪಾದ್ರಿಗಳು ಪೂಜೆಯ ಉಡುಪು ಇಡೋ ಕೋಣೆ, ಅಲ್ಲೇ ಸೇರ್ತಿದ್ರು ಅಂತ ಸಭೆಗೂ ಅದೇ ಹೆಸರು ಬಂತು, ನಮ್ಮಲ್ಲಿ ಅರಳಿಕಟ್ಟೆ ಅಂದ್ರೆ ಪಂಚಾಯ್ತಿ ಅನ್ನೋ ಹಂಗೆ. 1894ರಲ್ಲಿ ಅದನ್ನ ಒಡೆದು ಪ್ಯಾರಿಷ್ ಕೌನ್ಸಿಲ್ ಮಾಡಿದ್ರು, ಹೆಂಗಸರೂ ವೋಟ್ ಹಾಕಬಹುದು, ಸದಸ್ಯರೂ ಆಗಬಹುದು ಅಂತ ಆಯ್ತು. ಈಗ ಅಲ್ಲಿ ಪ್ಯಾರಿಷ್ ಕೌನ್ಸಿಲ್ಲಿಗೂ ಚರ್ಚಿಗೂ ಸಂಬಂಧ ಇಲ್ಲ, ಹಾಗಾಗಿ ಧರ್ಮಕೇಂದ್ರ ಅಂತ ಹಾಕಿದ್ರೆ ಪೂರ್ತಿ ತಪ್ಪು.

ಗ್ರಾಮ ಪಂಚಾಯ್ತಿ ಅನ್ನೋದು ಹೆಚ್ಚುಕಡಿಮೆ ಸರಿ, ಆದ್ರೆ ಕೈಲಿರೋ ಶಕ್ತಿ ಬಹಳ ಕಮ್ಮಿ. ಸ್ಮಶಾನ, ಆಟದ ಜಾಗ, ಬಸ್ ನಿಲ್ಲೋ ಕಡೆ ಗೂಡು, ಕೂರೋ ಬೆಂಚು, ಯುದ್ಧ ಸ್ಮಾರಕ, ಇಷ್ಟೇ. ಮನೆ ಕಟ್ಟೋ ಅರ್ಜಿಗೆ ಅಭಿಪ್ರಾಯ ಕೊಡಬಹುದು, ತೀರ್ಮಾನ ಮಾಡೋ ಹಂಗಿಲ್ಲ. ಕ್ಲರ್ಕ್ ಅಂತ ಒಬ್ರು ಇರ್ತಾರೆ, ಗುಮಾಸ್ತ ಅಂತ ಅನುವಾದ ಮಾಡ್ಬೇಡಿ ದಯವಿಟ್ಟು, ನಮ್ಮ ಪಿಡಿಒ ಮಾಡೋ ಕೆಲಸ ಎಲ್ಲಾ ಅವರದ್ದೇ, ಎಷ್ಟೋ ಕಡೆ ಪಾರ್ಟ್ ಟೈಮು, ಮನೆಯಲ್ಲೇ ಆಫೀಸು. ಸದಸ್ಯರಿಗೆ ಸಾಮಾನ್ಯವಾಗಿ ಸಂಬಳ ಇಲ್ಲ. ನಮ್ಮಲ್ಲಿ ಒಂದು ಸೀಟಿಗೆ ಎಂಟು ಜನ ಬಿದ್ದು ಒದ್ದಾಡ್ತಾರೆ, ಅಲ್ಲಿ ಎಷ್ಟೋ ಊರಲ್ಲಿ ನಿಲ್ಲೋರೇ ಸಿಗದೆ ಇರೋ ಸದಸ್ಯರೇ ಯಾರನ್ನಾದ್ರೂ ಕರ್ಕೊಂಡು ಬಂದು ಸೇರಿಸ್ಕೊಳ್ತಾರೆ. ಒಂದು ಪದ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂಗೆ ಬಂತು, ಪ್ಯಾರಿಷ್ ಮೀಟಿಂಗ್ ಅಂದ್ರೆ ಗ್ರಾಮಸಭೆ. ವರ್ಷಕ್ಕೊಮ್ಮೆ ಮಾರ್ಚ್ 1ರಿಂದ ಜೂನ್ 1ರ ಒಳಗೆ ನಡೆಸಲೇಬೇಕು, ವೋಟರ್ ಲಿಸ್ಟಲ್ಲಿ ಇರೋ ಯಾರು ಬೇಕಾದ್ರೂ ಬಂದು ಮಾತಾಡಬಹುದು. ಕೌನ್ಸಿಲ್ ಮೀಟಿಂಗ್ ಬೇರೆ, ಇದು ಬೇರೆ. ತೀರಾ ಸಣ್ಣ ಊರಿಗೆ ಕೌನ್ಸಿಲ್ಲೇ ಇರಲ್ಲ, ಈ ಸಭೆ ಮಾತ್ರ.

ಅದೇ ಪ್ಯಾರಿಷ್ ಕೌನ್ಸಿಲ್ "ಇನ್ಮೇಲೆ ನಾವು ಟೌನ್ ಕೌನ್ಸಿಲ್" ಅಂತ ತೀರ್ಮಾನ ಮಾಡ್ಕೊಂಡ್ರೆ ಸಾಕು, ಟೌನ್ ಆಗೋಯ್ತು, ಅಧ್ಯಕ್ಷರು ಮೇಯರ್ ಅನ್ನಿಸ್ಕೋಬಹುದು. ಆಶ್‌ಬೋರ್ನ್ ಅನ್ನೋ ಊರಿಗೆ ಹತ್ತು ಸಾವಿರ ಜನ ಇಲ್ಲ, ಅದಕ್ಕೊಬ್ಬ ಮೇಯರ್. ಇದನ್ನ ಮಹಾಪೌರ ಅಂತ ಬರೆದ್ರೆ ಬೆಂಗಳೂರಿನವರು ಕೇಸ್ ಹಾಕ್ತಾರೆ.

ಇನ್ನು ನಾನು ಬಿದ್ದ ಹಳ್ಳಗಳು, ಬೇರೆ ಅನುವಾದಕರಿಗೆ ಉಪಯೋಗ ಆಗ್ಲಿ ಅಂತ. ಕೌನ್ಸಿಲ್ ಹೌಸ್ ಅಂದ್ರೆ ಕೌನ್ಸಿಲ್ ಬಾಡಿಗೆಗೆ ಕೊಡೋ ಮನೆ, ನಾನು ಮೊದಲು ಪರಿಷತ್ ಭವನ ಅಂತ ಬರೆದಿದ್ದೆ, ಮಗಳು ತಿದ್ದಿದಳು. ತಿದ್ದಿಸ್ಕೊಂಡು ಡರ್ಬಿ ಸಿಟಿಗೆ ಹೋದ್ರೆ ಅಲ್ಲಿ ನಗರಾಡಳಿತದ ಕಟ್ಟಡದ ಹೆಸರೇ ಕೌನ್ಸಿಲ್ ಹೌಸ್! ಈಗ ಎರಡು ಕಡೆಯಿಂದಲೂ ಭಯ. ನ್ಯಾಷನಲ್ ಪಾರ್ಕ್ ಇನ್ನೊಂದು. ಡರ್ಬಿಶೈರ್ ಡೇಲ್ಸಿನ ಬಹುಭಾಗ ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕ್ ಒಳಗಿದೆ, 1951ರಲ್ಲಿ ಆದದ್ದು, ಆ ದೇಶದ್ದು ಮೊದಲನೇದು. ರಾಷ್ಟ್ರೀಯ ಉದ್ಯಾನ ಅಂದ್ರೆ ನಮ್ಮವರಿಗೆ ನಾಗರಹೊಳೆ, ಸಫಾರಿ ಜೀಪು, ಹುಲಿ. ಅಲ್ಲಿ ಊರುಗಳಿವೆ, ಕುರಿ ಮೇಯ್ತವೆ, ಸಾವಿರಾರು ಜನ ಸಂಸಾರ ಮಾಡ್ಕೊಂಡಿದಾರೆ. ಆದ್ರೆ ಪಾರ್ಕ್ ಒಳಗಿರೋ ಬೇಕ್‌ವೆಲ್‌ನಲ್ಲಿ ಕಟ್ಟಡಕ್ಕೆ ಪರ್ಮಿಷನ್ ಕೇಳ್ಬೇಕಾದ್ರೆ ಡಿಸ್ಟ್ರಿಕ್ಟನ್ನಲ್ಲ, ಪಾರ್ಕಿನ ಪ್ರಾಧಿಕಾರವನ್ನ ಕೇಳ್ಬೇಕು. ಗಮನಿಸಿ, ಆ ಪಾರ್ಕಿನ ಹೆಸರಲ್ಲೇ ಇನ್ನೊಂದು ಡಿಸ್ಟ್ರಿಕ್ಟ್ ಇದೆ, ಅದಕ್ಕೂ ಡಿಸ್ಟ್ರಿಕ್ಟ್ ಕೌನ್ಸಿಲ್ಲಿಗೂ ಯಾವ ಸಂಬಂಧವೂ ಇಲ್ಲ, ಅದು ಬರೀ "ಸೀಮೆ" ಅನ್ನೋ ಅರ್ಥದ್ದು. ತಲೆ ಕೆಟ್ಟೋಯ್ತು ಸ್ವಾಮಿ.

ಒಂದು ಉಪಕಥೆ. ಹಳೇ ಕಾಲದಲ್ಲಿ ಅಲ್ಲಿ ಕೌಂಟಿಯನ್ನ ಹಂಡ್ರೆಡ್ ಅನ್ನೋ ತುಂಡುಗಳಾಗಿ ಮಾಡಿದ್ರು, ನೂರು ಅಂತಲೇ ಹೆಸರು. ನಮ್ಮ ಶಾಸನಗಳ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು ಓದಿದೋರಿಗೆ ಇದು ಕೇಳಿ ಕಿವಿ ನೆಟ್ಟಗಾಗ್ಬೇಕು. ಸಂಖ್ಯೆಯಿಂದ ನಾಡಿಗೆ ಹೆಸರಿಡೋ ಅಭ್ಯಾಸ ಎರಡು ಕಡೆನೂ ಇತ್ತು, ಸಂಖ್ಯೆ ಯಾವುದರದ್ದು ಅನ್ನೋ ಜಗಳವೂ ಎರಡು ಕಡೆ ಇದೆ. ಹಂಡ್ರೆಡ್‌ಗೆ ಹೋಬಳಿ ಅಂತ ಹಾಕೋದಾ, "ನೂರು" ಅಂತಲೇ ಹಾಕೋದಾ? ನನಗೆ ನೂರು ಇಷ್ಟ.

ಅಳಿಯ ಹೇಳೋ ಪ್ರಕಾರ ಇಷ್ಟೆಲ್ಲ ಕೂದಲು ಸೀಳೋದು ವ್ಯರ್ಥ, ಯಾಕಂದ್ರೆ 2024ರ ಡಿಸೆಂಬರಲ್ಲಿ ಸರ್ಕಾರ ಹೊರಡಿಸಿದ ಶ್ವೇತಪತ್ರದಲ್ಲಿ ಈ ಕೌಂಟಿ ಡಿಸ್ಟ್ರಿಕ್ಟ್ ಎರಡು ಮೆಟ್ಟಿಲು ತೆಗೆದು ಒಂದೇ ಕೌನ್ಸಿಲ್ ಮಾಡೋ ಯೋಜನೆ ಇದೆ, ಸಾಮರ್ಸೆಟ್, ನಾರ್ತ್ ಯಾರ್ಕ್‌ಶೈರ್‌ಗಳಲ್ಲಿ 2023ರಲ್ಲೇ ಹಾಗಾಗಿದೆ. 1974ರಲ್ಲಿ ಹುಟ್ಟಿದ ಈ ಡಿಸ್ಟ್ರಿಕ್ಟ್‌ಗಳಿಗೆ ನಾನು ಕನ್ನಡ ಹೆಸರು ಹುಡುಕೋದ್ರೊಳಗೆ ಅವೇ ಇರಲ್ವೇನೋ. ಇರ್ಲಿ, ಮಂಡಲ ಪಂಚಾಯ್ತಿ ಹೋಗಿ ಮೂವತ್ತು ವರ್ಷ ಆದ್ರೂ ನಮ್ಮೂರಲ್ಲಿ "ಮಂಡ್ಲದಾಫೀಸು" ಅನ್ನೋರು ಇನ್ನೂ ಇದಾರೆ, ಆಫೀಸು ಹೋದ್ರೂ ಪದಕ್ಕೆ ರಿಟೈರ್‌ಮೆಂಟ್ ಇಲ್ಲ.

ಆದ್ರಿಂದ ಕೇಳ್ತಿರೋದು ಮೂರು. ಡಿಸ್ಟ್ರಿಕ್ಟ್ ಕೌನ್ಸಿಲ್ಲಿಗೆ "ತಾಲ್ಲೂಕು ಮಂಡಳಿ" ಅಂದ್ರೆ ನಿಮ್ಮ ಕಿವಿಗೆ ಹೆಂಗೆ ಕೇಳ್ಸುತ್ತೆ? ಪ್ರಿಸೆಪ್ಟ್‌ಗೆ ಊರ ಸೆಸ್‌ಗಿಂತ ಒಳ್ಳೇದು ಯಾರಿಗಾದ್ರೂ ಹೊಳೀತಾ, ಹಳೇ ಮೈಸೂರು ಅಥವಾ ಮುಂಬೈ ಕರ್ನಾಟಕದ ಲೋಕಲ್ ಬೋರ್ಡ್ ಕಾಗದಪತ್ರ ನೋಡಿದೋರು ಇದ್ರೆ ಹೇಳಿ. ಮೂರನೇದು ಅಲಾಟ್ಮೆಂಟ್. ನಮ್ಮಲ್ಲಿ ಅಲಾಟ್ಮೆಂಟ್ ಅಂದ್ರೆ ಬಿಡಿಎ ಸೈಟು, ಅಲ್ಲಿ ಪ್ಯಾರಿಷ್ ಕೌನ್ಸಿಲ್‌ನವರು ತರಕಾರಿ ಬೆಳ್ಕೊಳ್ಳೋಕೆ ಬಾಡಿಗೆಗೆ ಕೊಡೋ ಪುಟ್ಟ ತುಂಡು ನೆಲ, ಮಗಳ ಪಕ್ಕದ ಮನೆ ಅಜ್ಜ ತಮ್ಮದ್ರಲ್ಲಿ ಬೆಳೆದ ಹುರುಳಿಕಾಯಿ ತಂದು ಕೊಡ್ತಿದ್ರು. "ಗೇಣಿ ಹಿತ್ಲು" ಅಂತ ಬರೆದಿದೀನಿ, ನನ್ನ ಹೆಂಡತಿ ಅದನ್ನ ಓದಿ "ಹಿತ್ಲು ಮನೆ ಹಿಂದೆ ಇರುತ್ತೆ, ಅದು ಅರ್ಧ ಮೈಲಿ ದೂರ ಇತ್ತಲ್ರೀ" ಅಂತಾಳೆ.