ಹುರುಳಿ ಹಾಸಿದ ರಸ್ತೆಯಲ್ಲಿ ಸ್ಕೂಟರಿನ ಮುಂದಿನ ಚಕ್ರ ಜಾರುತ್ತಿದೆ: ಪರಿಹಾರ ತಿಳಿಸಿ

ಪ್ರಶ್ನೆ (ಚಿಂತಾಮಣಿ)
ನಮಸ್ಕಾರ. ನನ್ನದು 110 ಸಿಸಿ ಸ್ಕೂಟರ್. ಶ್ರೀನಿವಾಸಪುರದ ಕಡೆಗೆ ದಿನವೂ ಓಡಾಟವಿದೆ. ಸುಗ್ಗಿ ಶುರುವಾದಾಗಿನಿಂದ ಒಕ್ಕಣೆಗೆಂದು ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಅದರ ಮೇಲೆ ಹೋಗುವಾಗ ಮುಂದಿನ ಬ್ರೇಕನ್ನು ಮುಟ್ಟದೆ ಎಡಗೈಯ ಬ್ರೇಕನ್ನಷ್ಟೇ ಹಿಡಿದರೂ ಮುಂದಿನ ಚಕ್ರವೇ ಜಾರಿ ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತದೆ. ಟೈರ್ ಹೊಸದು, ಗಾಳಿ ಸರಿಯಾಗಿದೆ, ಫೋರ್ಕಿನಲ್ಲೂ ದೋಷವಿಲ್ಲವೆಂದು ಮೆಕ್ಯಾನಿಕ್ ಹೇಳಿದ್ದಾರೆ. ಇನ್ನೇನನ್ನು ನೋಡಿಸಬೇಕು?

ಉತ್ತರ (ಕೋಲಾರ)
ಸರ್, ನಿಮ್ಮ ಗಾಡಿ ಯಾವ ವರ್ಷದ್ದೆಂದು ಮೊದಲು ನೋಡಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ ಸಿಬಿಎಸ್ (ಎರಡೂ ಚಕ್ರಗಳಿಗೆ ಒಟ್ಟಿಗೆ ಬ್ರೇಕ್ ಹಾಕುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಸಾಮಾನ್ಯವಾಗಿ ಎಡಗೈಯ ಲಿವರ್ ಒತ್ತಿದರೆ ಹಿಂದಿನ ಚಕ್ರದ ಜೊತೆಗೆ ಮುಂದಿನದಕ್ಕೂ ಬ್ರೇಕ್ ಬೀಳುತ್ತದೆ. ಒಣ ಡಾಂಬರಿನ ಮೇಲೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಇದು ಎಬಿಎಸ್‌ನಂತೆ ಚಕ್ರ ಕಚ್ಚಿಕೊಂಡು ನಿಲ್ಲುವುದನ್ನು ತಡೆಯುವುದಿಲ್ಲ.

ಹುಲ್ಲಿನ ಮೇಲೆ ಟೈರಿಗೆ ರಸ್ತೆಯೇ ಸಿಗುವುದಿಲ್ಲ, ಒಂದರ ಮೇಲೊಂದು ಸರಿಯುವ ಕಡ್ಡಿಗಳಷ್ಟೇ ಸಿಗುತ್ತವೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಘರ್ಷಣಾ ಗುಣಾಂಕ (ಟೈರಿಗೆ ಸಿಗುವ ಹಿಡಿತದ ಅಳತೆ) 0.7 ಇದ್ದರೆ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ಗಾಡಿ ನಿಲ್ಲಬಹುದು, ಅದು 0.3ಕ್ಕೆ ಇಳಿದರೆ 21 ಮೀಟರ್ ಬೇಕು. ಆದ್ದರಿಂದ ವೇಗವನ್ನು ಹುಲ್ಲು ಸಿಗುವ ಮೊದಲೇ, ಬರಿಯ ಡಾಂಬರಿನ ಮೇಲೆ ಇಳಿಸಿ, ಬ್ರೇಕ್ ಪೂರ್ತಿ ಬಿಟ್ಟು, ಹ್ಯಾಂಡಲನ್ನು ನೇರವಾಗಿ ಹಿಡಿದು, ಆಕ್ಸಿಲರೇಟರನ್ನು ಹೆಚ್ಚುಕಡಿಮೆ ಮಾಡದೆ ದಾಟಿ. ಟೈರಿನ ಗಾಳಿ ಇಳಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಹುಲ್ಲನ್ನು ಎತ್ತಿದ ಮೇಲೆ ಉಳಿಯುವ ಹುರುಳಿ ಕಾಳು ನನ್ನ ಮಟ್ಟಿಗೆ ಇನ್ನೂ ಅಪಾಯಕಾರಿ. ರಸ್ತೆ ಚೊಕ್ಕಟವಾಗಿ ಕಂಡರೂ ತಿರುವಿನಲ್ಲಿ ಗಟ್ಟಿ ಕಾಳು ಟೈರಿನಡಿ ಸರಿಯುತ್ತದೆ.

ಪ್ರಶ್ನೆ ಕೇಳಿದವರು
ಗಾಡಿ 2021ರದ್ದು, ಸಿಬಿಎಸ್ ಇದೆ. ಎಡಗೈ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರವೆಂದೇ ತಿಳಿದಿದ್ದೆ, ಧನ್ಯವಾದಗಳು. ದಾಟಿದ ಮೇಲೆ ಕೆಲವೊಮ್ಮೆ ಸುಟ್ಟ ವಾಸನೆಯೂ ಬರುತ್ತದೆ.

ಉತ್ತರ (ಶಿಡ್ಲಘಟ್ಟ)
ಅದನ್ನು ಕಡೆಗಣಿಸಬೇಡಿ. ಒಣಹುಲ್ಲು ಸೈಲೆನ್ಸರಿಗೂ ಹಿಂದಿನ ಚಕ್ರಕ್ಕೂ ನಡುವೆ ಸಿಕ್ಕಿಕೊಂಡು ಬಿಸಿಗೆ ಕರಕಲಾಗುತ್ತದೆ. ಕಾರುಗಳಲ್ಲಿ ಆಕ್ಸಲ್ಲಿಗೆ ಸುತ್ತಿಕೊಂಡ ಹುಲ್ಲು ಹೊತ್ತಿಕೊಳ್ಳುವುದೂ ಉಂಟು. ಹುಲ್ಲಿನ ಮೇಲೆಯೇ ನಿಲ್ಲಿಸದೆ, ಮುಂದೆ ಬರಿಯ ನೆಲದಲ್ಲಿ ಎಂಜಿನ್ ಆರಿಸಿ ಬಗ್ಗಿ ನೋಡಿ. ಹೊಗೆ ಕಾಣದಿದ್ದರೆ ಸೈಲೆನ್ಸರ್ ಆರಿದ ಮೇಲೆ ಕಡ್ಡಿಯಿಂದ ಎಳೆದು ತೆಗೆಯಿರಿ. ಹೊಗೆಯಾಡುತ್ತಿದ್ದರೆ ಗಾಡಿಯಿಂದ ದೂರ ಸರಿದು, ಬೆಂಕಿ ಆರಿಸಲು ಮರಳನ್ನೋ ಮಣ್ಣನ್ನೋ ತರಿಸಿ.