ಒಳಾಂಗಣ ಅಮೆರಿಕನ್ ಫುಟ್‌ಬಾಲ್ ತಂಡಗಳು ಒಂದೆರಡು ವರ್ಷದಲ್ಲೇ ಮುಚ್ಚಿಹೋಗುವುದೇಕೆ?

ಪಿ.ಜೆ. ಬಡಾವಣೆಯವ, ದಾವಣಗೆರೆ (ಪ್ರಶ್ನೆ)

ಅಮೆರಿಕದ ಸಣ್ಣ ನಗರಗಳಲ್ಲಿ ಹುಟ್ಟಿ ಬೇಗನೆ ಕಣ್ಮರೆಯಾದ ಒಳಾಂಗಣ ಫುಟ್‌ಬಾಲ್ ತಂಡಗಳ ಬಗ್ಗೆ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ನಾನು ಕೇಳುತ್ತಿರುವುದು ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವ ಆಟವನ್ನು ಸೂರಿನ ಕೆಳಗೆ ಆಡುವ ಪ್ರಕಾರದ ಬಗ್ಗೆ. ಅಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಕಳುಹಿಸಿದ ತಂಡಗಳ ಪಟ್ಟಿಯಲ್ಲಿ ಎಷ್ಟೋ ಹೆಸರುಗಳ ಮುಂದೆ ಆರಂಭದ ವರ್ಷವೂ ಮುಕ್ತಾಯದ ವರ್ಷವೂ ಒಂದೇ ಆಗಿವೆ. ಪ್ರೇಕ್ಷಕರು ಬರುವುದಿಲ್ಲವೇ, ಆಟದಲ್ಲೇ ಏನಾದರೂ ಕೊರತೆ ಇದೆಯೇ, ಅಥವಾ ಹಣದ ಲೆಕ್ಕಾಚಾರ ತಪ್ಪುತ್ತಿದೆಯೇ?

ಕೇಳುವುದಕ್ಕೆ ಕಾರಣವೂ ಇದೆ. ದಾವಣಗೆರೆಯಲ್ಲಿ ಒಂದು ಸಭಾಂಗಣ ಹಿಡಿದು, ಸುತ್ತಲಿನ ತಾಲ್ಲೂಕುಗಳ ಹೆಸರಿನಲ್ಲಿ ತಂಡ ಕಟ್ಟಿ, ಐದೈದು ಜನರ ಒಳಾಂಗಣ ಕಾಲ್ಚೆಂಡು ಲೀಗ್ ನಡೆಸುವ ಆಲೋಚನೆ ನಮ್ಮ ಗೆಳೆಯರಲ್ಲಿದೆ. ಕೈಯಿಂದ ದುಡ್ಡು ಹಾಕುವ ಮೊದಲು ಹೀಗೆ ಮುಳುಗಿದವರ ಕಥೆ ತಿಳಿದಿರಲಿ ಎಂಬುದು ನನ್ನ ಉದ್ದೇಶ.

ಕೋಟೆನಾಡಿಗ, ಚಿತ್ರದುರ್ಗ

ಇದನ್ನು ಆಟದ ಕಡೆಯಿಂದ ನೋಡುವುದಕ್ಕಿಂತ ಕಟ್ಟಡದ ಕಡೆಯಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಈ ಆಟದ ಅತಿ ದೊಡ್ಡ ಹೊರಾಂಗಣ ಲೀಗಾದ ಎನ್‌ಎಫ್‌ಎಲ್‌ನ ಪ್ರಚಾರ ವಿಭಾಗದಲ್ಲಿದ್ದ ಜಿಮ್ ಫಾಸ್ಟರ್ ಎಂಬವರು 1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ (ನಮ್ಮ ಕಾಲ್ಚೆಂಡು) ಪಂದ್ಯವೊಂದನ್ನು ನೋಡುತ್ತ ಕುಳಿತಿದ್ದಾಗ, ಕೈಯಲ್ಲಿದ್ದ ಲಕೋಟೆಯ ಮೇಲೆಯೇ ಈ ಆಟದ ನಕ್ಷೆಯನ್ನು ಗೀಚಿದರು. ಅದಕ್ಕೆ ಅರೀನಾ ಫುಟ್‌ಬಾಲ್ ಎಂದು ಹೆಸರಾಯಿತು. ಅಳತೆಗಳನ್ನು ಗಮನಿಸಿ: ಅಲ್ಲಿನ ಐಸ್ ಹಾಕಿ ಅಂಕಣ 200 ಅಡಿ ಉದ್ದ, 85 ಅಡಿ ಅಗಲವಿರುತ್ತದೆ, ಅರೀನಾ ಫುಟ್‌ಬಾಲಿನ ಮೈದಾನ 50 ಗಜ, ಅದರ ಎರಡು ತುದಿಗೂ ಎಂಟೆಂಟು ಗಜ ಸೇರಿಸಿದರೆ 66 ಗಜ, ಅಂದರೆ 198 ಅಡಿ, ಅಗಲ ಅದೇ 85 ಅಡಿ. ಹಾಕಿ ಅಂಕಣದ ಸುತ್ತಲಿನ ಹಲಗೆಗೋಡೆಗೆ ಮೆತ್ತೆ ಕಟ್ಟಿದರೆ ಅದೇ ಈ ಆಟದ ಗಡಿ. ಹನ್ನೊಂದು ಜನರ ಆಟ ಎಂಟು ಜನರದಾಯಿತು. ಗೋಲುಗಂಬದ ಎರಡು ಬದಿಗೆ ಎತ್ತರದ ಬಲೆ ಕಟ್ಟಿದರು. ಬಲೆಗೆ ಬಡಿದು ಹಿಂದಿರುಗಿದ ಚೆಂಡು ಇನ್ನೂ ಆಟದಲ್ಲೇ ಇರುವುದರಿಂದ ಎದುರಾಳಿ ಅದನ್ನು ಹಿಡಿದುಕೊಂಡು ಓಡಬಹುದು. ನೋಡಲು ಇದು ಬಹಳ ಮಜವಾದ ಆಟವೆಂಬುದರಲ್ಲಿ ನನಗೆ ಅನುಮಾನವಿಲ್ಲ.

1987ರಲ್ಲಿ ನಾಲ್ಕು ತಂಡಗಳೊಂದಿಗೆ ಅರೀನಾ ಫುಟ್‌ಬಾಲ್ ಲೀಗ್ ಶುರುವಾಯಿತು. ಆ ಬಲೆಯ ವ್ಯವಸ್ಥೆಗೆ 1990ರಲ್ಲಿ ಪೇಟೆಂಟ್ ಸಿಕ್ಕಿದ್ದರಿಂದ, ಮುಂದೆ ಹುಟ್ಟಿದ ಸಣ್ಣಪುಟ್ಟ ಲೀಗುಗಳು ಬಲೆಯಿಲ್ಲದೆಯೇ ಆಡಬೇಕಾಯಿತು. ಪೇಟೆಂಟಿನ ಅವಧಿ ಮುಗಿದದ್ದು 2007ರಲ್ಲಿ. ಆಟದ ಅತ್ಯಂತ ಆಕರ್ಷಕ ಅಂಗವೇ ಇಲ್ಲದ ಆಟವನ್ನು ಸಣ್ಣ ಊರಿನವರಿಗೆ ಮಾರಲು ಹೊರಟವರ ಕಷ್ಟವನ್ನು ಊಹಿಸಿಕೊಳ್ಳಿ.

ಆದರೆ ನಿಜವಾದ ತೊಡಕು ಬೇರೆಯೇ ಇದೆ. ಹಾಕಿ, ಬಾಸ್ಕೆಟ್‌ಬಾಲ್ ಮುಗಿದ ಮೇಲೆ ಖಾಲಿ ಬೀಳುವ ಕಟ್ಟಡಕ್ಕೆ ವಸಂತದಿಂದ ಬೇಸಿಗೆಯವರೆಗೆ ಸಿಕ್ಕ ಬಾಡಿಗೆದಾರ ಈ ತಂಡ. ಹಾಕಿ ತಂಡ ನಾಕೌಟ್ ಹಂತಕ್ಕೆ ಹೋದರೆ ಅಥವಾ ದೊಡ್ಡ ಸಂಗೀತ ಕಾರ್ಯಕ್ರಮವೊಂದು ಬಂದರೆ, ದಿನಾಂಕ ಬಿಟ್ಟುಕೊಡಬೇಕಾದವನು ಇವನೇ.

ಲೆಕ್ಕಪತ್ರ, ದಾವಣಗೆರೆ

ಕೋಟೆನಾಡಿಗರ ಮಾತಿಗೆ ಖರ್ಚಿನ ಬಾಬತ್ತನ್ನು ಸೇರಿಸುತ್ತೇನೆ. ಇದೇ ಅರೀನಾ ಲೀಗ್ 2000ದಲ್ಲಿ ಸಣ್ಣ ನಗರಗಳಿಗಾಗಿ ಆರಂಭಿಸಿದ ಎಎಫ್2 ಎಂಬ ಕಿರಿಯ ಲೀಗಿನಲ್ಲಿ ಆಟಗಾರನಿಗೆ ಸಿಗುತ್ತಿದ್ದುದು ಪಂದ್ಯಕ್ಕೆ ಸುಮಾರು 200 ಡಾಲರ್. ಆದ್ದರಿಂದ ತಂಡವನ್ನು ಮುಳುಗಿಸಿದ್ದು ಸಂಬಳ ಎಂದು ಹೇಳಲಾಗದು. ಮೈಗೆ ಮೈ ಡಿಕ್ಕಿ ಹೊಡೆಯುವ ಆಟವಾದ್ದರಿಂದ ಕೆಲಸದ ವೇಳೆಯ ಗಾಯಕ್ಕೆ ಮಾಲೀಕ ಮಾಡಿಸಲೇಬೇಕಾದ ವಿಮೆಯ ಕಂತು ವಿಪರೀತ. ಅದರ ಮೇಲೆ ನೂರಾರು ಮೈಲಿ ಬಸ್ ಪ್ರಯಾಣ, ಹೋಟೆಲ್, ಕಟ್ಟಡದ ಬಾಡಿಗೆ, ಲೀಗ್‌ಗೆ ಕಟ್ಟಬೇಕಾದ ಶುಲ್ಕ. ಆದಾಯವೆಂದರೆ ವರ್ಷಕ್ಕೆ ತವರಿನಲ್ಲಿ ಆಡುವ ಏಳೆಂಟು ಪಂದ್ಯಗಳ ಟಿಕೆಟ್ ಮತ್ತು ಸ್ಥಳೀಯ ಅಂಗಡಿಗಳ ಜಾಹೀರಾತು. ವಾಹನ ನಿಲುಗಡೆಯ ಹಣ, ತಿಂಡಿತೀರ್ಥದ ಲಾಭ ಬಹುಮಟ್ಟಿಗೆ ಕಟ್ಟಡದವರ ಪಾಲು. ನಮ್ಮೂರಿನಲ್ಲಿ ಎಂಟು ದಿನ ಬಾಗಿಲು ತೆಗೆದು ವರ್ಷವಿಡೀ ಬಾಡಿಗೆ ಕಟ್ಟುವ ಅಂಗಡಿಯನ್ನು ಯಾರಾದರೂ ಇಡುತ್ತಾರೆಯೇ?

ಜೊತೆಗೆ, ಒಂದು ತಂಡ ಕೈಯೆತ್ತಿದರೆ ಉಳಿದವರ ವೇಳಾಪಟ್ಟಿಯಲ್ಲೂ ತೂತು ಬೀಳುತ್ತದೆ; ಎದುರಾಳಿ ಬಾರದ ದಿನ ಟಿಕೆಟ್ ಹಣ ವಾಪಸ್ ಕೊಡಬೇಕಾದವನು ಪಂದ್ಯ ಏರ್ಪಡಿಸಿದವನೇ. 2024ರಲ್ಲಿ, ಮುಚ್ಚಿಹೋಗಿದ್ದ ಅರೀನಾ ಲೀಗನ್ನು ಹದಿನಾರು ತಂಡಗಳೊಂದಿಗೆ ಮತ್ತೆ ಎಬ್ಬಿಸಿದಾಗ ಕೆಲವೇ ವಾರಗಳಲ್ಲಿ ಅರ್ಧದಷ್ಟು ತಂಡಗಳು ಉದುರಿಹೋದವು. ಗೆದ್ದರೂ ಸುರಕ್ಷಿತವಲ್ಲ: 2021 ಮತ್ತು 2022ರಲ್ಲಿ ನ್ಯಾಷನಲ್ ಅರೀನಾ ಲೀಗ್ ಎಂಬ ಬೇರೊಂದು ಲೀಗಿನ ಪ್ರಶಸ್ತಿ ಪಡೆದಿದ್ದ ಆಲ್ಬನಿ ಎಂಪೈರ್ ತಂಡ, ಖ್ಯಾತ ಆಟಗಾರ ಆಂಟೋನಿಯೊ ಬ್ರೌನ್ ಮಾಲೀಕರಾಗಿ ಬಂದ ಕೆಲವೇ ತಿಂಗಳಲ್ಲಿ, ಲೀಗಿನ ಬಾಕಿ ಕಟ್ಟಲಿಲ್ಲವೆಂಬ ಕಾರಣಕ್ಕೆ 2023ರ ಜೂನ್‌ನಲ್ಲಿ ಹೊರಬಿತ್ತು.

ಕ್ಯಾಂಪ್ ನೋಡಿ ಬೆಳೆದವ, ದಾವಣಗೆರೆ

ನಮ್ಮೂರಿನವರಿಗೆ ಇದನ್ನು ವಿವರಿಸಲು ವೃತ್ತಿ ನಾಟಕ ಕಂಪನಿಗಳೇ ಸಾಕು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥವು ದಶಕಗಟ್ಟಲೆ ಬದುಕಿದ್ದು ಥಿಯೇಟರನ್ನೇ ಲಾರಿಗೆ ಹೇರಿಕೊಂಡು ಹೋಗಿ, ಜಾತ್ರೆ ನೋಡಿಕೊಂಡು ಕ್ಯಾಂಪ್ ಹಾಕಿ, ಕಲೆಕ್ಷನ್ ಇರುವವರೆಗೆ ಅದೇ ಊರಿನಲ್ಲಿ ನಿಂತದ್ದರಿಂದ. ಟೆಂಟು ಅವರದು, ತಾರೀಖು ಅವರದು. ಈ ಫುಟ್‌ಬಾಲ್ ತಂಡಗಳಿಗೆ ಎರಡೂ ಇರಲಿಲ್ಲ.

ನಮ್ಮ ದೇಶದಲ್ಲೂ ಇದೇ ನಡೆಯಿತು. ಫುಟ್ಸಾಲ್ ಎಂದರೆ ನೀವು ಹೇಳಿದ ಐದೈದು ಜನರ ಒಳಾಂಗಣ ಕಾಲ್ಚೆಂಡೇ. 2016ರ ಪ್ರೀಮಿಯರ್ ಫುಟ್ಸಾಲ್‌ ಲೀಗಿನಲ್ಲಿ ಬೆಂಗಳೂರಿನ ತಂಡಕ್ಕೆ ಇಂಗ್ಲೆಂಡಿನ ಖ್ಯಾತ ಕಾಲ್ಚೆಂಡು ಆಟಗಾರ ಪಾಲ್ ಸ್ಕೋಲ್ಸ್ ಬಂದರು, ಗೋವಾಕ್ಕೆ ಬ್ರೆಜಿಲಿನ ರೊನಾಲ್ಡಿನೊ ಬಂದರು. ಆದರೆ ಆ ವರ್ಷದ ಪಂದ್ಯಗಳು ನಡೆದದ್ದು ಚೆನ್ನೈ ಮತ್ತು ಗೋವಾದಲ್ಲಿ. ಭಾರತೀಯ ಫುಟ್‌ಬಾಲ್ ಒಕ್ಕೂಟದ ಮಾನ್ಯತೆಯೂ ಇಲ್ಲದ ಆ ಲೀಗ್ 2017ರ ಎರಡನೇ ಆವೃತ್ತಿಗೇ ನಿಂತಿತು. ಅದಕ್ಕೂ ಮೊದಲು, ಅಮೆರಿಕನ್ ಫುಟ್‌ಬಾಲನ್ನೇ ಇಲ್ಲಿಗೆ ತರಲು ಹೊರಟ ಎಲೀಟ್ ಫುಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. 2012ರಲ್ಲಿ ಅದು ಆಡಿದ್ದು ಶ್ರೀಲಂಕಾದಲ್ಲಿ. ಊರಿನ ಹೆಸರು ಹೊತ್ತು ಊರಿನವರ ಕಣ್ಣಿಗೇ ಬೀಳದ ತಂಡಕ್ಕೆ ಊರಿನವರು ಯಾಕೆ ಜೈ ಎನ್ನಬೇಕು?

ಪಿ.ಜೆ. ಬಡಾವಣೆಯವ

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಈ ಆಟದಿಂದಲೇ ಕರ್ಟ್ ವಾರ್ನರ್ ಅಂಥವರು ಮೇಲೆ ಬಂದರಲ್ಲವೇ? ಹಾಗಿದ್ದರೆ ದೊಡ್ಡ ಲೀಗಿನವರು ಈ ತಂಡಗಳನ್ನು ತರಬೇತಿ ಶಾಲೆಗಳೆಂದು ತಿಳಿದು ಸಾಕಬಹುದಿತ್ತು.

ಕೋಟೆನಾಡಿಗ

ಬಂದರು. ಎನ್‌ಎಫ್‌ಎಲ್ ತಂಡವೊಂದು ಕೈಬಿಟ್ಟ ಮೇಲೆ ಅಯೋವಾದ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುತ್ತಿದ್ದ ವಾರ್ನರ್, 1995ರಿಂದ 1997ರವರೆಗೆ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ಅರೀನಾ ಲೀಗ್ ತಂಡದ ಪರ ಆಡಿ, 2000ದ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರರಾದರು. ಆದರೆ ಎನ್‌ಎಫ್‌ಎಲ್‌ಗೆ ಕಾಲೇಜು ತಂಡಗಳೇ ಪುಕ್ಕಟೆ ತರಬೇತಿ ಕೊಟ್ಟು ಆಟಗಾರರನ್ನು ಒದಗಿಸುವಾಗ, ಅದು ಇನ್ನೊಂದು ಮೆಟ್ಟಿಲಿಗೆ ದುಡ್ಡು ಸುರಿಯುವುದೇಕೆ? ತಾಯಿಬೇರಾಗಿದ್ದ ಅರೀನಾ ಲೀಗೇ 2009ರ ಆವೃತ್ತಿಯನ್ನು ರದ್ದುಮಾಡಿ ದಿವಾಳಿಯಾದಾಗ, ಮುಂದಿನ ವರ್ಷ ಆಡುತ್ತೇವೆಂದು ಒಪ್ಪುವ ತಂಡಗಳಿಲ್ಲದೆ ಎಎಫ್2 ಕೂಡ ಮುಗಿಯಿತು.

ನಿಮ್ಮ ಯೋಜನೆಗೆ ಬಂದರೆ, ತಂಡಗಳಿಗೆ ಹೆಸರಿಡುವ ಮೊದಲು ಸಭಾಂಗಣದವರಿಂದ ಮೂರು ವರ್ಷದ ಶನಿವಾರ-ಭಾನುವಾರಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಮದುವೆ ಮುಹೂರ್ತದ ತಿಂಗಳುಗಳಲ್ಲಿ ಕೊಡಲಾಗದು ಎಂದರೆ ಆ ತಿಂಗಳುಗಳನ್ನು ಬಿಟ್ಟೇ ವೇಳಾಪಟ್ಟಿ ಮಾಡಿ. ಸ್ಥಳೀಯ ಫುಟ್ಸಾಲ್ ಪಂದ್ಯಕ್ಕೆ ಅಂಕಣ ಕನಿಷ್ಠ 25 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ಗೋಡೆ ಅಂಟಿಕೊಂಡಿರಬಾರದು, ಸುತ್ತಲೂ ಜಾಗ ಬಿಡಬೇಕು. ನಿಮ್ಮ ಸಭಾಂಗಣದಲ್ಲಿ ಕಂಬಗಳ ನಡುವೆ ಅಷ್ಟು ಅಗಲ ಸಿಗುತ್ತದೆಯೇ ಎಂದು ಟೇಪು ಹಿಡಿದು ಅಳೆದು ಇಲ್ಲೇ ಬರೆಯಿರಿ.