ನಾಲ್ಕರಲ್ಲಿ ಒಂದೇ ಪೀಜೋ ಪ್ಯಾಚ್ ಕೈ ಕೊಡ್ತಿದೆ: ಬಿರುಕಾ, ಅಂಟಿನ ದೋಷವಾ?

ಬೀಮ್‌ಕಿವಿ:
ಬಿರುಕು ಬಂದರೆ ತಿಳಿಯಲಿ ಅಂತ ಅಲ್ಯೂಮಿನಿಯಂ ಬೀಮ್ (ತೊಲೆ) ಒಂದಕ್ಕೆ ನಾಲ್ಕು ಪಿಝಡ್‌ಟಿ ಪ್ಯಾಚ್ (ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ಸೆರಾಮಿಕ್ ಬಿಲ್ಲೆ) ಅಂಟಿಸಿದ್ದೇನೆ. ಒಂದೊಂದೂ 10 ಮಿ.ಮೀ. ಚೌಕ, 0.2 ಮಿ.ಮೀ. ದಪ್ಪ. ಅಂಟು ಎಪಾಕ್ಸಿ. 40ರಿಂದ 100 ಕಿಲೋಹರ್ಟ್ಸ್‌ವರೆಗೆ ಅಳೆದು, ಮೊದಲ ದಿನದ ಕಂಡಕ್ಟೆನ್ಸ್ (ಪ್ಯಾಚಿನ ವಿದ್ಯುತ್ ಸ್ಪಂದನದಲ್ಲಿ ಶಕ್ತಿ ಖರ್ಚಾಗುವ ಭಾಗ) ಗ್ರಾಫನ್ನು ಮುಂದಿನ ಹೋಲಿಕೆಗೆ ಬೇಸ್‌ಲೈನ್ ಆಗಿ ಇಟ್ಟುಕೊಂಡೆ. ಎರಡು ವಾರ ಎಲ್ಲ ಸರಿಯಿತ್ತು. ಈಗ ಮೂರನೇ ಪ್ಯಾಚಿನ ಆರ್‌ಎಂಎಸ್‌ಡಿ (ಬೇಸ್‌ಲೈನ್‌ನಿಂದ ಗ್ರಾಫ್ ಎಷ್ಟು ಬದಲಾಗಿದೆ ಅನ್ನುವ ಅಂಕಿ) ಮಾತ್ರ ಏರುತ್ತಲೇ ಇದೆ. ಭೂತಗನ್ನಡಿ ಹಿಡಿದು ಹುಡುಕಿದೆ, ಬಿರುಕು ಕಾಣಲಿಲ್ಲ. ಬೀಮ್ ಒಳಗೇ ಏನಾದರೂ ಆಗಿದೆಯಾ? ಮುಂದೆ ಇದರ ಮೇಲೆ ಭಾರ ಹಾಕಬೇಕು, ಅದಕ್ಕೇ ಚಿಂತೆ.

ತಂತಿಗಂಟು:
ಮೊದಲು ಬಿಸಿಲು-ಚಳಿ ನೋಡಿ. ಬಿಸಿ ಏರಿದರೆ ಗ್ರಾಫಿನ ಪೀಕ್‌ಗಳು ಎಡಕ್ಕೆ, ಅಂದರೆ ಕಡಿಮೆ ಫ್ರೀಕ್ವೆನ್ಸಿ ಕಡೆಗೆ ಸರಿಯುತ್ತವೆ, ಬಿರುಕಿಲ್ಲದಿದ್ದರೂ ಆರ್‌ಎಂಎಸ್‌ಡಿ ಏರುತ್ತದೆ.

ಬೀಮ್‌ಕಿವಿ:
ನೋಡಿದೆ. ಅಳೆದಾಗಲೆಲ್ಲ ಕೋಣೆಯ ಬಿಸಿ ಹೆಚ್ಚುಕಮ್ಮಿ ಒಂದೇ. ಉಳಿದ ಮೂರು ಅಲುಗಿಲ್ಲ.

ಎಪಾಕ್ಸಿಪ್ರಿಯ:
ಹಾಗಾದರೆ ಬೀಮ್ ಮೇಲೆ ಅನುಮಾನ ಪಡುವ ಮುಂಚೆ ಪ್ಯಾಚನ್ನೇ ವಿಚಾರಿಸಿ. ನೀವು ಕಂಡಕ್ಟೆನ್ಸ್ ಮಾತ್ರ ನೋಡುತ್ತಿದ್ದೀರಿ, ಅಲ್ವಾ? ಬೀಮಿನ ಸುದ್ದಿ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಪ್ಯಾಚಿನ ಆರೋಗ್ಯ ತಿಳಿಯಬೇಕಾದರೆ ಸಸೆಪ್ಟೆನ್ಸ್ (ಶಕ್ತಿಯನ್ನು ತುಂಬಿಕೊಂಡು ಮರಳಿಸುವ ಭಾಗ) ನೋಡಬೇಕು. ಪೀಕ್‌ಗಳಿಲ್ಲದ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅದು ಬಹುತೇಕ ನೇರ ಗೆರೆ. ಆ ಗೆರೆ ಎಷ್ಟು ಕಡಿದಾಗಿದೆ ಅನ್ನುವುದು ಪ್ಯಾಚಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಎಷ್ಟೆಂದು ಹೇಳುತ್ತದೆ.

ಗಟ್ಟಿಯಾಗಿ ಅಂಟಿರುವ ಪ್ಯಾಚನ್ನು ಬೀಮ್ ಹಿಗ್ಗಲು ಬಿಡುವುದಿಲ್ಲ, ಹಾಗಾಗಿ ಅದರ ಕೆಪಾಸಿಟೆನ್ಸ್ ಬಿಡಿ ಪ್ಯಾಚಿನದಕ್ಕಿಂತ ಕಡಿಮೆ. ಅಂಟು ಬಿಡುತ್ತಾ ಬಂದರೆ ಮೇಲೇರುತ್ತದೆ, ಗೆರೆ ಕಡಿದಾಗುತ್ತದೆ. ಪ್ಯಾಚೇ ಒಡೆದು ಚೂರು ಬೇರೆಯಾದರೆ ಉಲ್ಟಾ, ಗೆರೆ ಇಳಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಹೋಲಿಸಿ.

ಬೀಮ್‌ಕಿವಿ:
ಅಳೆದೆ! ಒಂದು, ಎರಡು, ನಾಲ್ಕು ಎಲ್ಲವೂ 5.8 ನ್ಯಾನೋಫ್ಯಾರಡ್ ಆಸುಪಾಸು. ಮೂರನೆಯದು 6.6. ಅಂಟಿಸುವ ಮುಂಚೆ ನಾಲ್ಕೂ 7.4 ಇದ್ದವು, ಆಗ ಬರೆದಿಟ್ಟಿದ್ದು ಈಗ ಉಪಯೋಗಕ್ಕೆ ಬಂತು.

ಎಪಾಕ್ಸಿಪ್ರಿಯ:
ಮೂರನೆಯದು ಬಿಡಿ ಪ್ಯಾಚಿನ 7.4ರ ಕಡೆಗೆ ಏರಿದೆ, ಅಂದರೆ ಅಂಟು ಎದ್ದಿದೆ, ಬಹುಶಃ ಅಂಚಿನಲ್ಲಿ. ಆ ಪ್ಯಾಚಿನ ತಂತಿ ಬಿಗಿಯಾಗಿ ಎಳೆದುಕೊಂಡಿದೆಯಾ?

ಬೀಮ್‌ಕಿವಿ:
ಹೌದು, ಅದೊಂದರ ತಂತಿ ಮಾತ್ರ ಬೀಮಿಗೆ ಕಟ್ಟಿರಲಿಲ್ಲ. ಕನೆಕ್ಟರ್ ತೆಗೆದು ಹಾಕುವಾಗಲೆಲ್ಲ ಸೋಲ್ಡರ್ ಮೇಲೇ ಎಳೆತ ಬಿದ್ದಿರಬೇಕು.

ಎಪಾಕ್ಸಿಪ್ರಿಯ:
ಅದೇ ಕಾರಣ ಇರಬೇಕು. ಈ ಪ್ಯಾಚನ್ನು ಕಿತ್ತರೆ ಒಡೆಯುತ್ತದೆ, ಹೊಸದನ್ನೇ ಹಾಕಿ. ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಅಂಟು ತೆಳುವಾಗಿರಲಿ, ಪ್ಯಾಚಿನ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ದಪ್ಪವಾದರೆ ಅಂಟೇ ಅತ್ತಿತ್ತ ಜಾರಾಡಿ ಬೀಮಿನ ಸ್ಪಂದನವನ್ನು ತಿಂದುಹಾಕುತ್ತದೆ. ಸಮವಾದ ತೂಕ ಇಟ್ಟು ಪೂರ್ತಿ ಗಟ್ಟಿಯಾಗಲು ಬಿಡಿ. ಇಸ್ತ್ರಿಯಂತೆ ಸೋಲ್ಡರ್ ಐರನ್ ಒತ್ತಿ ಹಿಡಿಯಬೇಡಿ, ಜಾಸ್ತಿ ಕಾದರೆ ಪೀಜೋ ಗುಣವೇ ಹೋಗುತ್ತದೆ. ತಂತಿಗೆ ಸ್ವಲ್ಪ ಸಡಿಲ ಬಿಟ್ಟು ಬೀಮಿಗೆ ಕಟ್ಟಿ.

ಬೀಮ್‌ಕಿವಿ:
ಹೊಸ ಪ್ಯಾಚ್ ಅಂಟಿಸಿದೆ. ಮೂರು ದಿನ ಬಿಟ್ಟು ಅಳೆದರೆ 5.9, ಮರುದಿನವೂ ಅಷ್ಟೇ. ಹಳೇ ಬೇಸ್‌ಲೈನ್ ಇದಕ್ಕೆ ನಡೆಯುತ್ತದಾ?

ಎಪಾಕ್ಸಿಪ್ರಿಯ:
ಇಲ್ಲ, ಮೂರನೆಯದಕ್ಕೆ ಹೊಸ ಬೇಸ್‌ಲೈನ್ ತೆಗೆಯಿರಿ. ಭಾರ ಹಾಕುವ ಮುಂಚೆ ಪ್ರತಿ ಸಲ ಸಸೆಪ್ಟೆನ್ಸ್ ಕೂಡ ಉಳಿಸಿಕೊಳ್ಳಿ.